ಸೊಲ್ಲಾಪುರದಲ್ಲಿ ಹುಡುಗನನ್ನು ತೋರಿಸುವ ಶಾಸ್ತ್ರ

ಹೋದ ತಿಂಗಳು ಸೊಲ್ಲಾಪುರದ ಒಂದು ಶಾಲೆಯವರು ನನ್ನ ತಂಗಿಯ ಮಗನನ್ನು ಸೇರಿಸಿಕೊಳ್ಳುವುದಿಲ್ಲ ಎಂದರು. ಕಾರಣ ಕೇಳಿದರೆ ನಗುತ್ತೀರಿ. ಹುಡುಗ ತೀರಾ ಸರಿಯಾಗಿದ್ದಾನಂತೆ.

ನಗಬೇಡಿ. ಅವನನ್ನು ಅಷ್ಟು ಸರಿ ಮಾಡಿದವಳು ನಾನೇ.

ತಂಗಿ ಶಾಂತಾಳನ್ನು ಅಫಜಲಪುರಕ್ಕೆ ಕೊಟ್ಟಿದ್ದೇವೆ. ಗಂಡ ಸಿದ್ಧಾರಾಮನಿಗೆ ಬಸ್ ಸ್ಟ್ಯಾಂಡ್ ಎದುರು ಸೈಕಲ್ ರಿಪೇರಿ ಅಂಗಡಿ. ಒಬ್ಬನೇ ಮಗ, ಬಸವರಾಜ. ಎಂಟು ವರ್ಷ. ಮನೆಯಲ್ಲಿ ಬಸು.

ಬಸು ಯಾರ ಮುಖವನ್ನೂ ನೋಡುವುದಿಲ್ಲ. ಕರೆದರೆ ತಿರುಗುವುದಿಲ್ಲ. ಸೈಕಲ್ ಗಾಲಿ ತಿರುಗಿಸಿ ಕೊಟ್ಟರೆ ದೀಪ ಹಚ್ಚುವ ತನಕ ಅದನ್ನೇ ನೋಡುತ್ತ ಕೂರುತ್ತಾನೆ. ರೊಟ್ಟಿಗೆ ಪಲ್ಯ ತಾಗಿತೋ, ಆ ರೊಟ್ಟಿಯ ಕತೆ ಮುಗಿಯಿತು. ಖುಷಿಯಾದರೆ ಎರಡೂ ಕೈ ಪಟಪಟ ಬಡಿಯುತ್ತಾನೆ, ಸಿಟ್ಟು ಬಂದರೆ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಾನೆ. ತನ್ನದು ಅಂತ ಒಂದು ಮಾತಿಲ್ಲ. ಆದರೆ 'ಚೌಡಾಪುರ, ಗಾಣಗಾಪುರ, ಗುಲ್ಬರ್ಗಾ' ಎಂದು ಥೇಟ್ ಕಂಡಕ್ಟರ್ ದನಿಯಲ್ಲೇ ಕೂಗುತ್ತಾನೆ. (ಒಬ್ಬ ಮುದುಕಿ ಇವನ ಕೂಗು ನಂಬಿ ಇಂಡಿ ಊರಿಗೆ ಹೋಗುವ ಬಸ್ಸಿನಲ್ಲಿ ಹೋಗಿ ಕೂತಿದ್ದಳು.)

ಎಂಟು ವರ್ಷ ನಾವು ಬೀಗರಿಗೆಲ್ಲ ಹೇಳಿದ್ದೇನು? ಹುಡುಗ ಸ್ವಲ್ಪ ನಾಚಿಕೆ ಸ್ವಭಾವದವ!

ಗುಲ್ಬರ್ಗಾದ ಡಾಕ್ಟರೊಬ್ಬರು ಇದಕ್ಕೆ ಆಟಿಸಂ ಎನ್ನುತ್ತಾರೆ ಎಂದರು. ಹುಚ್ಚಲ್ಲ, ಶಾಪವಲ್ಲ, ತಾಯಿಯ ತಪ್ಪೂ ಅಲ್ಲ. ಇವನ ರೀತಿಯಲ್ಲೇ ಇವನಿಗೆ ಕಲಿಸುವ ಶಾಲೆ ಬೇಕು, ಅಂಥದ್ದು ನಮ್ಮ ಕಡೆ ಇಲ್ಲ, ಸೊಲ್ಲಾಪುರದಲ್ಲಿದೆ, ತಡ ಮಾಡದೆ ಹೋಗಿ ಎಂದು ಬಾಯಿಮಾತಿನಲ್ಲೇ ಹೇಳಿ ಕಳಿಸಿದರು.

ಸೊಲ್ಲಾಪುರ ಎಂದರೆ ಬೇರೆ ರಾಜ್ಯ. ಹೇಳಲಿಕ್ಕೆ ದೊಡ್ಡ ಮಾತು. ದುಧನಿ ಹತ್ತಿರ ಒಂದು ತೂಕಡಿಕೆ ಬಂದರೆ ರಾಜ್ಯ ಬದಲಾದದ್ದೇ ತಿಳಿಯುವುದಿಲ್ಲ. ಆಚೆಗೂ ನಮ್ಮವರೇ, ಅದೇ ಜೋಳ, ಅದೇ ಶೇಂಗಾ ಹಿಂಡಿ. ಆದರೆ ಜೇವರ್ಗಿಯ ನಮ್ಮ ಸೋದರತ್ತೆಗೆ ಬೇರೆ ರಾಜ್ಯ ಎಂಬುದೇ ಬಹಳ ಹಿಡಿಸಿತು. ಛಲೋ ಆಯಿತು, ಅಲ್ಲಿಯ ಸುದ್ದಿ ಇಲ್ಲಿಗೆ ಬರುವುದಿಲ್ಲ ಎಂದಳು. (ಗಡಿಯಲ್ಲಿ ಸುದ್ದಿಗೂ ಪರ್ಮಿಟ್ ಕೇಳುತ್ತಾರೇನೋ.)

ಸಿದ್ಧಾರಾಮ ಅಂಗಡಿ ಮುಚ್ಚಿದ. ಸೊಲ್ಲಾಪುರದ ಗೆಳೆಯನೊಬ್ಬ ತನ್ನ ಸೈಕಲ್ ಅಂಗಡಿಯಲ್ಲಿ ಅರ್ಧ ಜಾಗ ಕೊಡುತ್ತೇನೆ ಎಂದಿದ್ದ. ಅಫಜಲಪುರದ ಬಾಡಿಗೆ ಮನೆ ಬಿಟ್ಟದ್ದಾಯಿತು. ಒಳ್ಳೆಯ ಸೋಮವಾರ ನೋಡಿ, ಅದೇ ದಿನ ಶಾಲೆ ತೋರಿಸುವುದು, ಅದೇ ದಿನ ಹೊಸ ಮನೆಯಲ್ಲಿ ಹಾಲು ಉಕ್ಕಿಸುವುದು ಎಂದು ನಿಶ್ಚಯವಾಯಿತು. ಶಾಲೆಯವರು ಬೇಡ ಎಂದರೆ? ಆ ಪ್ರಶ್ನೆ ಯಾರಿಗೂ ಹೊಳೆಯಲಿಲ್ಲ. ಇಂಥ ಹುಡುಗರಿಗಾಗಿಯೇ ಇರುವ ಶಾಲೆ, ಇಂಥ ಹುಡುಗ. ಬೇಡ ಯಾಕೆ ಅನ್ನುತ್ತಾರೆ?

ಈಗ ನನ್ನ ವಿಷಯಕ್ಕೆ ಬರುತ್ತೇನೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ. (ನನ್ನ ಒತ್ತು, ದೀರ್ಘ ತಿದ್ದುವ ಈ ಪತ್ರಿಕೆಯ ಸಂಪಾದಕರಿಗೆ ಇದು ಹೊಸ ಸುದ್ದಿಯಲ್ಲ.) ಆದರೆ ಎರಡು ವಿದ್ಯೆ ಬರುತ್ತವೆ. ಅಕ್ಕಲಕೋಟೆಯಲ್ಲಿ ಸಂಸಾರ ಮಾಡಿದ್ದರಿಂದ ಮರಾಠಿ ಬರುತ್ತದೆ. ಇನ್ನೊಂದು, ಹೆಣ್ಣು ತೋರಿಸುವ ವಿದ್ಯೆ. ಈಗ ನಾನಿರುವ ಆಳಂದದಲ್ಲಿ ಯಾರ ಮನೆಗೆ ಹೆಣ್ಣು ನೋಡಲು ಬಂದರೂ ಮೊದಲ ಕರೆ ನನಗೆ. ಕುಳ್ಳಗಿದ್ದವಳನ್ನು ಎಲ್ಲಿ ಕೂರಿಸಬೇಕು, ತೊದಲುವವಳಿಂದ ಎಷ್ಟು ಮಾತಾಡಿಸಬೇಕು, ಎಲ್ಲ ಗೊತ್ತು. ಶಾಂತಾಳನ್ನು ತೋರಿಸಿದವಳೂ ನಾನೇ. ಅವಳ ದಪ್ಪ ಕನ್ನಡಕ ತೆಗೆಸಿ ಹಿಟ್ಟಿನ ಡಬ್ಬಿಯಲ್ಲಿಟ್ಟಿದ್ದೆ. ಅವಳು ನಾಚುತ್ತ, ತಲೆ ತಗ್ಗಿಸಿ ಹೋಗಿ ವರನೆಂದು ಚಹಾ ಕೊಟ್ಟದ್ದು ಸಿದ್ಧಾರಾಮನ ಸೋದರಮಾವನಿಗೆ. ಆದರೂ ಸಂಬಂಧ ಗಟ್ಟಿಯಾಯಿತು, ಸಕ್ಕರೆ ಹಂಚಿದೆವು.

ಅಂಥವಳ ಕೈಗೆ ಬಸುವನ್ನು ಕೊಟ್ಟರು. ನೀನೇ ಮಾತಾಡಬೇಕು, ನಮಗ್ಯಾರಿಗೂ ಮರಾಠಿ ಬರುವುದಿಲ್ಲ ಎಂದರು. ನಾನೇನು ಮಾಡಬೇಕಿತ್ತು? ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಿತ್ತು. ಮಾಡಿದ್ದೇನು? ಅಫಜಲಪುರಕ್ಕೆ ಹೋಗಿ ಠಿಕಾಣಿ ಹೂಡಿ ಹುಡುಗನನ್ನು ತಯಾರು ಮಾಡಿದೆ.

ಶಾಲೆಯವರು ಏನು ಕೇಳುತ್ತಾರೆ? ಹೆಸರು, ತಂದೆಯ ಹೆಸರು, ವಯಸ್ಸು, ಊರು, ಏನು ಊಟ ಮಾಡಿದಿ, ದೊಡ್ಡವನಾದ ಮೇಲೆ ಏನಾಗುತ್ತಿ. ಆರು ಪ್ರಶ್ನೆ, ಆರು ಉತ್ತರ, ಎಲ್ಲ ಮರಾಠಿಯಲ್ಲಿ. ದಿನಾ ಅದೇ ಹೊತ್ತಿಗೆ, ಅದೇ ಗಾಲಿಯ ಮುಂದೆ ಕೂರಿಸಿ ಹೇಳಿದೆ. ಕಂಡಕ್ಟರ್ ಕೂಗು ಕಲಿತವನಿಗೆ ಇದು ಯಾವ ಲೆಕ್ಕ? ಗಿಳಿಯ ಹಾಗೆ ಒಪ್ಪಿಸಿದ. ಪ್ರಶ್ನೆಗೂ ಉತ್ತರಕ್ಕೂ ಅವನ ಲೆಕ್ಕದಲ್ಲಿ ಸಂಬಂಧವಿರಲಿಲ್ಲ. ಎದುರಿನ ದನಿ ನಿಂತ ಕೂಡಲೇ ಮುಂದಿನ ಉತ್ತರ ಬರುತ್ತಿತ್ತು, ಅಷ್ಟೇ. ಅದು ನನಗೆ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಕೈ ಬಡಿಯಬಾರದೆಂದು ಎರಡೂ ಮುಷ್ಟಿಯಲ್ಲಿ ಒಂದೊಂದು ಸೈಕಲ್ ಬೇರಿಂಗ್ ಹಿಡಿಸುವ ಉಪಾಯವೂ ನನ್ನದೇ.

ಶಾಂತಾಳಿಗೆ ಹೇಳಿದ್ದು ಇಷ್ಟೇ: "ನಾ ಮಾತಾಡುವಾಗ ಹೂಂ ಅಂತ ತಲಿ ಹಾಕು ಬೇ. ಉಳಿದದ್ದು ನನಗ ಬಿಡು."

ಸೋಮವಾರ ಶಾಲೆಯ ಗೇಟಿನ ಮುಂದೆ ನಮ್ಮ ಟೆಂಪೋ ನಿಂತಿತು. ಟ್ರಂಕು, ಕೌದಿ, ಬೀಸುವ ಕಲ್ಲು, ಮೇಲೆ ಕಾಲು ಮೇಲಾಗಿ ಮಲಗಿದ ಹೊರಸು. ಒಳಗೆ ಹೆಡ್ ಮೇಡಂ. ಬಹಳ ಸಮಾಧಾನದ ಹೆಂಗಸು. ಬಸುವಿನ ಹಣೆಗೆ ಮೂರು ಬೆರಳಿನ ವಿಭೂತಿ, ಇಸ್ತ್ರಿ ಮಾಡಿದ ಅಂಗಿ, ಎರಡೂ ಮುಷ್ಟಿ ಬಿಗಿ. ಮೇಡಂ ಹೆಸರು ಕೇಳಿದರು. ಬಸವರಾಜ. ತಂದೆಯ ಹೆಸರು ಕೇಳಿದರು. ಸಿದ್ಧಾರಾಮ. ಎಂಟು ವರ್ಷ, ಅಫಜಲಪುರ, ರೊಟ್ಟಿ, ಪೊಲೀಸ್. ನಾನೇ ಬರೆದುಕೊಟ್ಟಿದ್ದೆನೇನೋ ಎಂಬಂತೆ, ಅದೇ ಸರದಿಯಲ್ಲಿ ಕೇಳಿದರು ಪುಣ್ಯಾತ್ಗಿತ್ತಿ.

ಮನೆಯಲ್ಲಿ ಏನು ತೊಂದರೆ ಕೊಡುತ್ತಾನೆ ಎಂದು ನನ್ನನ್ನು ಕೇಳಿದರು. ಬಾಯಿಗೆ ಅಭ್ಯಾಸಬಲ. ಏನೂ ಇಲ್ಲ, ಹಾಕಿದ್ದು ಉಣ್ಣುತ್ತಾನೆ, ಹೇಳಿದ್ದು ಕೇಳುತ್ತಾನೆ, ಜಗಳ ಗೊತ್ತಿಲ್ಲ, ಮನೆತನವೇ ಅಂಥದ್ದು ಎಂದೆ. ಪಕ್ಕದಲ್ಲಿ ಶಾಂತಾ ಪ್ರತಿ ಮಾತಿಗೂ ಹೂಂ, ಹೂಂ ಎಂದು ತಲೆ ಹಾಕಿದಳು. ಹಾಗಾದರೆ ಇಲ್ಲಿಗೆ ಯಾಕೆ ತಂದಿರಿ ಎಂದರು ಮೇಡಂ. ನಿಮ್ಮ ಶಾಲೆಯ ಹೆಸರು ಕೇಳಿ ಬಂದೆವು ಎಂದೆ! ಅವರು ನಕ್ಕು, ಇರುವ ಜಾಗವೇ ಕಡಿಮೆ, ಬೇಕಾದ ಮಕ್ಕಳೇ ಕಾಯುತ್ತಿದ್ದಾರೆ, ಇವನನ್ನು ಸಾದಾ ಶಾಲೆಗೆ ಹಾಕಿ ಎಂದು ಎರಡೂ ಕೈ ಮುಗಿದರು.

ಶಾಂತಾ ನೋಡಿದ್ದು ನಗು ಮತ್ತು ಮುಗಿದ ಕೈ. ಅವಳೂ ಕೈ ಮುಗಿದಳು. ಮಗನನ್ನು ಎತ್ತಿಕೊಂಡು ಹೊರಗೆ ಓಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಡಬ್ಬಿ ಬಿಚ್ಚಿ ಗಂಡನ ಬಾಯಿಗೆ, ಟೆಂಪೋ ಡ್ರೈವರ್ ಮಹಿಬೂಬಣ್ಣನ ಬಾಯಿಗೆ, ಗೇಟಿನ ಕಾವಲುಗಾರನ ಬಾಯಿಗೆ ಸಕ್ಕರೆ ಹಾಕುತ್ತಿದ್ದಳು. ಕಾವಲುಗಾರನಿಗೆ ಯಾಕೆಂದು ತಿಳಿಯಲಿಲ್ಲ, ಆದರೂ ತಿಂದ. ಸಿದ್ಧಾರಾಮ ಖುಷಿಯಲ್ಲಿ ಬೀಸುವ ಕಲ್ಲನ್ನು ಇಳಿಸಿಯೇಬಿಟ್ಟ. ಮನೆ ಇನ್ನೂ ಎರಡು ಓಣಿ ಆಚೆ ಇತ್ತು. ಶಾಂತಾ ನನ್ನ ಬಾಯಿಗೂ ಸಕ್ಕರೆ ಹಾಕಿದಳು.

ಆಗಲಾದರೂ ಹೇಳಬೇಕಿತ್ತಲ್ಲ? ಹೇಳಲಿಲ್ಲ. ಸಕ್ಕರೆ ತಿಂದೆ.

ನಾನು ಮಾಡಿದ ತಪ್ಪುಗಳಲ್ಲಿ ಆ ಸಕ್ಕರೆಯೇ ದೊಡ್ಡದು ಎಂದು ಈಗಲೂ ಅನ್ನಿಸುತ್ತದೆ. ಉಳಿದದ್ದು ರೂಢಿಯಿಂದ ಆದದ್ದು. ಇದು ಹೇಡಿತನ. ನಾಳೆಯಿಂದ ಶಾಲೆಯ ಚೀಲಕ್ಕೆ ಏನೇನು ಹಾಕಬೇಕು ಕೇಳಿಕೊಂಡು ಬಾ ಎಂದು ಶಾಂತಾ ಹೇಳಿದಾಗ ಮಾತ್ರ ನಾನು ಒಳಗೆ ಹೋಗದೆ ಸೆರಗು ಸರಿಮಾಡುತ್ತ ನಿಂತೆ.

ಶಾಂತಾ ನನ್ನ ಮುಖ ನೋಡಿದಳು. (ಕನ್ನಡಕ ಇತ್ತು.) "ಅಕ್ಕಾ, ಅವ್ರು ಏನು ಕೇಳಿದ್ರು, ನೀ ಏನು ಹೇಳಿದಿ? ಇದ್ದಂಗ ಹೇಳು."

ಹೇಳಿದೆ.

"ನಾ ತಲಿ ಹಾಕಿದ್ದು ಯಾತಕ್ಕ?"

"ಬಸುಗ ಏನೂ ಆಗಿಲ್ಲ ಅಂದದ್ದಕ್ಕ."

ಅವಳು ರಸ್ತೆಯಲ್ಲೇ ಬೀಸುವ ಕಲ್ಲಿನ ಮೇಲೆ ಕುಳಿತಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. "ಏನೂ ಆಗಿಲ್ಲ ಅಂದ್ರ ನಾ ಯಾಕ ಊರು ಬಿಟ್ಟು ಬಂದೆ ಅಕ್ಕಾ?" ಎಂದಳು. ಆಮೇಲೆ ಎದ್ದಳು. "ನಡಿ ಒಳಗ. ನಾ ಹೇಳ್ತೇನಿ, ನೀ ಬರೇ ಮರಾಠಿಗೆ ದಾಟಸು. ನಿನ್ನ ಕಡಿಂದ ಉಪ್ಪು ಖಾರ ಹಾಕಬ್ಯಾಡ."

ಮತ್ತೆ ಮೇಡಂ ಮುಂದೆ ನಿಂತೆವು. ಶಾಂತಾ ಶುರು ಮಾಡಿದಳು. ರೊಟ್ಟಿ, ಗಾಲಿ, ಕಚ್ಚಿಕೊಂಡ ಕೈಯ ಗುರುತು, ನಿದ್ದೆಯಿಲ್ಲದ ರಾತ್ರಿ, ಮದುವೆಗಳಿಗೆ ಹೋಗದೆ ಮಗನಿಗೆ ಜ್ವರ ಎಂದು ಹೇಳಿ ಕಳಿಸಿದ್ದು. ನಾನೇ ಅವಳಿಗೆ ಹೇಳಿಕೊಟ್ಟ ಜ್ವರ ಅದು. ಅದನ್ನೂ ದಾಟಿಸಿದೆ. ಕೊನೆಗೆ ಅವಳು ಹೇಳಿದ್ದು ಇದು:

"ಎಂಟು ವರ್ಷ ಆತ್ರಿ, ಒಮ್ಮೆನೂ ನನಗ ಅವ್ವಾ ಅಂದಿಲ್ಲ. ಗುಲ್ಬರ್ಗಾ ಅಂತಾನ. ಅವ್ವಾ ಅನ್ನಂಗಿಲ್ಲ."

ಉಪ್ಪು ಖಾರ ಬೇಡ ಎಂದಿದ್ದಳಲ್ಲ, ಹಾಗೆಯೇ ಹೇಳಿದೆ, ನನಗೆ ಅವ್ವಾ ಎಂದಿಲ್ಲ ಎಂದು. ಮೇಡಂ ನನ್ನನ್ನೇ ನೋಡಿದರು. ನಾನು ಶಾಂತಾಳ ಕಡೆ ಕೈ ಮಾಡಿದೆ.

ಆದರೆ ಮೇಡಂ ನಂಬಬೇಕಲ್ಲ? ಆಗ ಏನೂ ಇರಲಿಲ್ಲ, ಈಗ ಎಲ್ಲವೂ ಇದೆ, ಅಷ್ಟರಲ್ಲಿ ಟೆಂಪೋ ಹತ್ತಿರ ಏನಾಯಿತು ಎಂದರು. ನ್ಯಾಯವಾದ ಪ್ರಶ್ನೆ. ಬಸುವನ್ನು ಮತ್ತೆ ಕರೆಸಿದರು. ಮತ್ತೆ ಹೆಸರಿನಿಂದ ಶುರು ಮಾಡಿದರು. ಬಸವರಾಜ, ಸಿದ್ಧಾರಾಮ, ಎಂಟು ವರ್ಷ, ಅಫಜಲಪುರ, ರೊಟ್ಟಿ, ಪೊಲೀಸ್. ಒಂದಕ್ಷರ ತಪ್ಪಲಿಲ್ಲ. ನಾನು ತಯಾರು ಮಾಡಿದವರು ಪಾಸಾದರೆಂದು ನಾನು ಬೆವೆತದ್ದು ಅದೇ ಮೊದಲು.

"ಉಲ್ಟಾ ಕೇಳ್ರಿ ಅಂತ ಹೇಳು," ಎಂದಳು ಶಾಂತಾ. ಅವಳಿಗೂ ಗೊತ್ತಿತ್ತು ಅಂತಾಯಿತು. ತಾಯಿಗೆ ಗೊತ್ತಿರುವುದಿಲ್ಲವೇ?

ಮೇಡಂ ಕೊನೆಯಿಂದ ಕೇಳಿದರು. ದೊಡ್ಡವನಾದ ಮೇಲೆ ಏನಾಗುತ್ತಿ? ಬಸವರಾಜ. ಏನು ಊಟ ಮಾಡಿದಿ? ಸಿದ್ಧಾರಾಮ. (ಬಾಗಿಲಲ್ಲಿ ನಿಂತಿದ್ದ ಸಿದ್ಧಾರಾಮ ಗಾಬರಿಯಾಗಿ ಎದೆ ಮುಟ್ಟಿಕೊಂಡ.) ಯಾವ ಊರು? ಎಂಟು ವರ್ಷ. ಮೇಡಂ ಪೆನ್ನು ಕೆಳಗಿಟ್ಟರು. ಎದ್ದು ಬಂದು ನೆಲದ ಮೇಲೆ ಅವನೆದುರು ಕುಳಿತು, ಮುಷ್ಟಿಗಳನ್ನು ಮೆಲ್ಲಗೆ ಬಿಡಿಸಿದರು. ಎರಡು ಬೇರಿಂಗ್ ಉರುಳಿದವು. ಕೈಗಳು ಬಿಡುಗಡೆಯಾದದ್ದೇ ತಡ, ಪಟಪಟ ಬಡಿದುಕೊಂಡವು. ಅಷ್ಟು ದಿನ ಹಿಡಿದಿಟ್ಟಿದ್ದೆನಲ್ಲ, ಎಲ್ಲ ಒಮ್ಮೆಗೇ. ಹೊರಗೆ ಬೇಸತ್ತ ಮಹಿಬೂಬಣ್ಣ ಹಾರ್ನ್ ಹೊಡೆದ. ಬಸು ತಲೆ ಎತ್ತಿ, ಕಂಡಕ್ಟರ್ ದನಿಯಲ್ಲಿ, "ಚೌಡಾಪುರ, ಗಾಣಗಾಪುರ, ಗುಲ್ಬರ್ಗಾ!" ಎಂದ.

ಮೇಡಂ ಹೆಸರು ಬರೆದುಕೊಂಡರು.

ಬರೆದು ಮುಗಿಸಿ ಒಂದು ಮಾತು ಹೇಳಿದರು: ನಾಳೆಯಿಂದ ತಾಯಿ ಬರಲಿ, ಭಾಷೆ ಬಾರದಿದ್ದರೂ ನಡೆಯುತ್ತದೆ, ಈ ದೊಡ್ಡಮ್ಮನನ್ನು ಮಾತ್ರ ಕರೆತರಬೇಡಿ. ಅವರು ಏನಂದರು ಎಂದು ಶಾಂತಾ ಕೇಳಿದಳು. ಅದನ್ನೂ ನಾನೇ ದಾಟಿಸಬೇಕಾಯಿತು. ಒಂದು ಮಾತೂ ಬಿಡದೆ ದಾಟಿಸಿದೆ. "ಛಲೋ ಹೇಳ್ಯಾರ," ಎಂದಳು. ಸಕ್ಕರೆ ಡಬ್ಬಿ ಮತ್ತೆ ತೆಗೆದಳು. ಈ ಸಲ ನನಗೆ ಕೊಡಲಿಲ್ಲ.

ಹೋದ ವಾರ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದ್ದಳು. ಶಾಲೆಯಲ್ಲಿ ಏನು ಕಲಿಸುತ್ತಿದ್ದಾರೆ ಎಂದು ಕೇಳಿದೆ. ಸದ್ಯಕ್ಕೆ ಏನೂ ಕಲಿಸುತ್ತಿಲ್ಲವಂತೆ. ನಾನು ಕಲಿಸಿದ್ದನ್ನು ಮರೆಸುತ್ತಿದ್ದಾರಂತೆ. ನೀರು ಬೇಕಾ ಎಂದರೆ ಇನ್ನೂ ಪೊಲೀಸ್ ಎನ್ನುತ್ತಾನಂತೆ. ಅದಕ್ಕಾಗಿಯೇ ಒಬ್ಬ ಟೀಚರ್! ನಾಲ್ಕನೇ ಇಯತ್ತೆಯವಳ ಪಾಠ ಇಷ್ಟು ಗಟ್ಟಿ ಎಂದು ಯಾರಿಗೆ ಗೊತ್ತಿತ್ತು? ಅವ್ವಾ ಅಂದನಾ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅಂದಿದ್ದರೆ ಅವಳೇ ಮೊದಲು ಅದನ್ನೇ ಹೇಳುತ್ತಿದ್ದಳು.

ಮೊನ್ನೆ ನಮ್ಮ ಓಣಿಯಲ್ಲಿ ಹೆಣ್ಣು ನೋಡಲು ಬರುವವರಿದ್ದರು. ರೂಢಿಯಂತೆ ಕರೆ ಬಂತು, ಹೋದೆ. ಹುಡುಗಿಗೆ ಶಾಂತಾಳದಕ್ಕಿಂತ ದಪ್ಪ ಕನ್ನಡಕ. ತಾಯಿ ಅದನ್ನು ತೆಗೆದು, ಎಲ್ಲಿಡಲಿ ಎನ್ನುವಂತೆ ನನ್ನ ಮುಖ ನೋಡಿದಳು. ನಾನು ಅದನ್ನು ಇಸಿದುಕೊಂಡು, ಸೆರಗಿನಿಂದ ಒರೆಸಿ, ಹುಡುಗಿಯ ಮೂಗಿಗೇ ಏರಿಸಿದೆ. ತಾಯಿ ಕಣ್ಣು ಕಣ್ಣು ಬಿಟ್ಟಳು. ಹೇಳಿದೆ:

"ಯಾಕವಾ, ಹುಡುಗನ್ನ ಅಕಿ ನೋಡಬಾರದೇನು?"