ತಂಗಿಯ ಕಾಲಿನ ಮೇಲೆ ನಾನು ಹೊತ್ತ ಹರಕೆ

ಹರಕೆ ಹೊತ್ತವಳು ನಾನು, ನಡೆಯಬೇಕಾದವಳು ತಂಗಿ. ನಮ್ಮ ಉಡುಪಿ ಕಡೆಯವರಲ್ಲಿ ಇದು ತೀರಾ ಸಹಜ. ಮಗುವಿನ ಜ್ವರ ಬಿಟ್ಟರೆ ಅದರ ಕೈಯಲ್ಲೇ ಉರುಳುಸೇವೆ ಮಾಡಿಸುತ್ತೇವೆ ಎಂದು ಹಿರಿಯರು ಹೇಳಿಕೊಳ್ಳುತ್ತಾರೆ. ಮಗುವನ್ನು ಯಾರೂ ಕೇಳುವುದಿಲ್ಲ. ಅಮ್ಮ ತೀರಿಕೊಂಡ ಮೇಲೆ ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಯಲ್ಲಿ ಹಿರಿಯ ಹೆಂಗಸು ಎಂದರೆ ನಾನೇ, ತಂಗಿಗಿಂತ ಒಂಬತ್ತು ವರ್ಷ ದೊಡ್ಡವಳು. ಆ ಅಧಿಕಾರವನ್ನು ಚೆನ್ನಾಗಿಯೇ ಚಲಾಯಿಸಿದೆ.

ತಂಗಿ ಕಬಡ್ಡಿ ಆಡುತ್ತಿದ್ದಳು. ಬೆಳಿಗ್ಗೆ ಐದೂವರೆಗೆ ಮೈದಾನದಲ್ಲಿ ಅವಳನ್ನು ಓಡಿಸುತ್ತಿದ್ದವರು ಅವಳ ಮರಾಠಿ ಶಾಲೆಯ ಪಿ.ಟಿ. ಟೀಚರ್. ಐದು ವರ್ಷ, ಭಾನುವಾರ ಕೂಡ ಬಿಡದೆ, ಹಿಂದಕ್ಕೆ ಜಿಗಿಯುವುದು ಹೇಗೆ, ಉಸಿರು ಎಲ್ಲಿ ಉಳಿಸಬೇಕು ಎಂದು ತಿದ್ದಿ ತಿದ್ದಿ ಬೆಳೆಸಿದ್ದರು. ನಾನು ಮಾಡಿದ್ದು ಇಷ್ಟೇ. ರಾಜ್ಯ ತಂಡದ ಆಯ್ಕೆಯ ದಿನ, ಥಾಣೆಯ ಆಫೀಸಿಗೆ ಹೊರಡುವ ಮುಂಚೆ, ದೇವರ ಪಟದ ಮುಂದೆ ನಿಂತು, ಇವಳು ಆಯ್ಕೆಯಾದರೆ ಕಲ್ಯಾಣದಿಂದ ಟಿಟ್ವಾಳಾ ಗಣಪತಿಯವರೆಗೆ ಹತ್ತು ಹನ್ನೆರಡು ಕಿಲೋಮೀಟರ್ ಬರಿಗಾಲಲ್ಲಿ ನಡೆಸುತ್ತೇನೆ ಎಂದು ಕೈಮುಗಿದೆ. ಆಯ್ಕೆಯಾದಳು.

ನಮ್ಮವರ ಸಂಘದವರು ಸನ್ಮಾನ ಇಟ್ಟರು. ಇಲ್ಲೇ ಹುಟ್ಟಿದ ತಂಗಿಗೆ ಕನ್ನಡ ಅರ್ಥವಾಗುತ್ತಿತ್ತು, ಆದರೆ ಆಡುತ್ತಿದ್ದದ್ದು ಹಿಂದಿ; ಕನ್ನಡ ಓದಲು ಬರುತ್ತಿರಲಿಲ್ಲ. ಹಾಗಾಗಿ ಅವಳ ಭಾಷಣವನ್ನು ನಾನೇ ದೇವನಾಗರಿ ಅಕ್ಷರದಲ್ಲಿ ಬರೆದುಕೊಟ್ಟೆ: "ಈ ಗೆಲುವು ನನ್ನದಲ್ಲ. ಎಲ್ಲವೂ ದೇವರ ಕೃಪೆ. ನಾನು ನಿಮಿತ್ತ ಮಾತ್ರ." ಚೀಟಿ ಓದಿ, ಟೀಚರ್ ಹೆಸರೆಲ್ಲಿ ಎಂದು ಕೇಳಿದಳು: "ಅಕ್ಕಾ, ಟೀಚರ್ ಕಾ ನಾಮ್ ಕಹಾಂ ಹೈ?"

"ಮೊದ್ಲು ದೇವ್ರು. ಎಲ್ಲರ ಹೆಸ್ರು ಹೇಳ್ತಾ ನಿಂತ್ರೆ ಊಟಕ್ಕೆ ತಡ ಆಗ್ತದೆ," ಎಂದೆ.

ವೇದಿಕೆಯಲ್ಲಿ ಅವಳು ಹಾಗೆಯೇ ಒಪ್ಪಿಸಿದಳು. "ಎಂಥ ಸಂಸ್ಕಾರ ಮಾರಾಯ್ರೆ!" ಎಂದು ಮುಂದಿನ ಸಾಲಿನವರು ಅಪ್ಪನ ಬೆನ್ನು ತಟ್ಟಿದರು. ಟೀಚರ್ ಕೊನೆಯ ಸಾಲಿನಲ್ಲಿ ಕೂತಿದ್ದರು. ಕನ್ನಡ ಬರದಿದ್ದರೂ ತಮ್ಮ ಹೆಸರು ಬರಲಿಲ್ಲ ಎಂಬುದು ಅರ್ಥವಾಗಿರಬೇಕು. ಅವರೂ ಚಪ್ಪಾಳೆ ತಟ್ಟಿದರು. ಆಗ ನನಗೆ ಹೆಮ್ಮೆಯೇ ಆಯಿತು. ಈಗ ನೆನೆದರೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಆಮೇಲೆ ಪರೀಕ್ಷೆ, ಮಳೆ ಎಂದು ಹರಕೆ ಮುಂದೆ ಹೋಯಿತು. ತಂಡದ ಶಿಬಿರಕ್ಕೆ ಮೂರು ವಾರ ಇರುವಾಗ ಅಭ್ಯಾಸದಲ್ಲಿ ತಂಗಿಯ ಬಲ ಮಂಡಿ ತಿರುಚಿತು. ರಾಜ್ಯಕ್ಕೆ ಆಡಿದರೆ ರೈಲ್ವೆಯಲ್ಲಿ ಆಟಗಾರರ ಕೋಟಾದ ನೌಕರಿಗೆ ದಾರಿಯಿತ್ತು. ಅವಳು ಕಂಡ ಕನಸೆಲ್ಲ ಅದೊಂದೇ. ಸಂಜೆಯೊಳಗೆ ಮಂಡಿ ಎಳನೀರಿನ ಹಾಗೆ ಊದಿತು. ಟೀಚರ್ ಮನೆಗೇ ಬಂದರು. "ಹಿಲಾ ಉದ್ಯಾಚ್ ಡಾಕ್ಟರ್‌ಕಡೆ ನ್ಯಾ. ಪಾಯ್ ಟೇಕೂ ದೇಊ ನಕಾ." ನಾಳೆಯೇ ಡಾಕ್ಟರಿಗೆ ತೋರಿಸಿ, ಕಾಲೂರಲು ಬಿಡಬೇಡಿ ಎಂದು ಎರಡೆರಡು ಸಲ ಹೇಳಿ ಹೋದರು.

ಅಪ್ಪ ಕಲ್ಯಾಣದ ಹೋಟೆಲೊಂದರಲ್ಲಿ ಮ್ಯಾನೇಜರ್. ಟೀಚರ್ ಮೆಟ್ಟಿಲಿಳಿದು ಹೋದ ಮೇಲೆ, "ದೇವ್ರೇ ಗೆಲ್ಸಿದ್ದು ಅಂತ ಮೈಕಲ್ಲಿ ಹೇಳಿ ಆಯ್ತು. ಹರಕೆ ಮಾತ್ರ ತೀರ್ಸ್ಲಿಲ್ಲ. ಮತ್ತೆ ಎಂತ ಆಗ್ಬೇಕು? ಮೊದ್ಲು ಅದು ಮುಗೀಲಿ, ಮತ್ತೆ ಡಾಕ್ಟ್ರು," ಎಂದರು. ಆ ಮಾತಿನಲ್ಲಿ ನನಗೆ ಒಂದು ತಪ್ಪೂ ಕಾಣಲಿಲ್ಲ. ಗೆಲುವು ದೇವರದ್ದೆಂದು ಬರೆದುಕೊಟ್ಟವಳು ನಾನೇ ತಾನೇ, ಊದಿದ ಮಂಡಿಯನ್ನು ಇನ್ಯಾರದ್ದು ಎನ್ನಲಿ?

ಊತ ಸ್ವಲ್ಪ ಇಳಿದ ಮಂಗಳವಾರ ಬೆಳಿಗ್ಗೆ, ಮಂಡಿಗೆ ಬಟ್ಟೆ ಬಿಗಿದು, ಕಲ್ಯಾಣದಿಂದ ಹೊರಟೆವು. ನಾನೂ ಚಪ್ಪಲಿ ಬಿಟ್ಟಿದ್ದೆ. ಅವಳ ಬದಲು ನಾನೊಬ್ಬಳೇ ನಡೆದರಾಗದೇ ಎಂದು ಯಾರಾದರೂ ಭಟ್ಟರನ್ನು ಕೇಳಬಹುದಿತ್ತು. ಕೇಳಲು ತೋಚಲೇ ಇಲ್ಲ ಎಂದು ಬಹಳ ವರ್ಷ ಹೇಳಿಕೊಂಡು ಬಂದೆ. ಸುಳ್ಳು, ತೋಚಿತ್ತು. ಆಟದಲ್ಲಿ ಗೆದ್ದ ಹುಡುಗಿ ಕಾಲು ನೋವಿದ್ದರೂ ನಡೆದೇ ಬಂದಳಂತೆ ಎಂದು ನಾಲ್ಕು ಜನ ಹೇಳಬೇಕಿತ್ತು ನನಗೆ.

ಶಹಾಡ್ ಸೇತುವೆ ಇಳಿಯುವಾಗಲೇ ಅವಳು ಕಾಲೆಳೆಯುತ್ತಿದ್ದಳು. ಅರ್ಧ ದಾರಿಯ ಆಂಬಿವಲಿ ತಲುಪುವ ಹೊತ್ತಿಗೆ ತುಟಿ ಬಿಳಿಚಿಕೊಂಡಿತ್ತು. ಸ್ಟೇಷನ್ ಕಡೆ ನೋಡಿ, "ಅಕ್ಕಾ, ಏಕ್ ಹೀ ತೋ ಸ್ಟೇಷನ್ ಹೈ. ಟ್ರೇನ್ ಸೇ ಚಲೇಂ?" ಎಂದಳು.

"ಇಷ್ಟು ನಡ್ದು ಈಗ ಟ್ರೇನ್ ಹತ್ತಿದ್ರೆ ನಡ್ದದ್ದೂ ಹಾಳು. ಸ್ವಲ್ಪ ತಡ್ಕೊ. ನಡೆಸ್ಲಿಕ್ಕೆ ಅವನಿದ್ದಾನೆ."

ಅವಳು ತಡೆದುಕೊಂಡಳು. ದೇವಸ್ಥಾನದ ಹತ್ತಿರ ರಸ್ತೆಯಿಂದ ಕೆಳಗೆ ಹೆಜ್ಜೆಯಿಡುವಾಗ ಮಂಡಿ ಒಳಕ್ಕೆ ಕುಸಿಯಿತು. ನನ್ನ ಸೆರಗು ಹಿಡಿದು ಕೂತಳು. ಎತ್ತಿ, ಹೆಗಲು ಕೊಟ್ಟು, ಸಾಲಿನಲ್ಲಿ ನಿಲ್ಲಿಸಿ ದರ್ಶನ ಮಾಡಿಸಿದೆ. ಮೂರ್ತಿಯ ಮುಂದೆ ಕಣ್ಣುಮುಚ್ಚಿ ಅವಳು ಮೆಲ್ಲಗೆ "ಸಾರಿ" ಎಂದದ್ದು ನನ್ನ ಕಿವಿಗೆ ಬಿತ್ತು. ತಡವಾಗಿ ಬಂದದ್ದಕ್ಕೆ ಇರಬೇಕು.

ಥಾಣೆಯ ಡಾಕ್ಟರ್ ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು. ಲಿಗಮೆಂಟ್ ಮೊದಲೇ ಹರಿದಿತ್ತು, ಆಗಲೇ ಬಂದಿದ್ದರೆ ಮತ್ತೆ ಆಡುವ ಆಸೆ ಇಟ್ಟುಕೊಳ್ಳಬಹುದಿತ್ತು, ಈಗ ಒಳಗಿನ ಮೆತ್ತೆಯೂ ಚಿಂದಿಯಾಗಿದೆ ಎಂದರು. "ಈ ಕಾಲಿನಲ್ಲಿ ಇವಳನ್ನು ನಡೆಸಿದ್ದು ಯಾರು?" ಎಂದು ಕೇಳಿದರು. ಅಪ್ಪ ನೆಲ ನೋಡಿದರು. ನಾನು, "ಅವಳೇ ಹಠ ಮಾಡಿದಳು," ಎಂದುಬಿಟ್ಟೆ. ತಂಗಿ ನನ್ನ ಕಡೆ ತಿರುಗಿ ಒಂದು ಗಳಿಗೆ ನೋಡಿದಳು. ಆಮೇಲೆ ಡಾಕ್ಟರಿಗೆ, "ಹಾಂ, ಮೈನೇ ಹೀ," ಎಂದು ತಾನೇ ಒಪ್ಪಿಕೊಂಡಳು.

ಆಪರೇಷನ್ ಆಯಿತು. ಶಿಬಿರಕ್ಕೆ ಬೇರೆ ಹುಡುಗಿ ಹೋದಳು. ಟೀಚರ್ ಎರಡು ಸಲ ಬಂದು ನೋಡಿದರು. ಮಂಡಿ ಹೇಗಿದೆ ಎಂದರೇ ಹೊರತು ಯಾಕೆ ಹೀಗಾಯಿತು ಎಂದು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಕಬಡ್ಡಿ ದೊಡ್ಡದಾಗಿ ಟೀವಿಗೆ ಬಂದದ್ದು ಎಷ್ಟೋ ವರ್ಷಗಳ ನಂತರ. ಅಷ್ಟರಲ್ಲಿ ತಂಗಿ ರಬಾಳೆಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಮೆಟ್ಟಿಲು ಹತ್ತುವಾಗ ಇವತ್ತಿಗೂ ಒಂದು ಕಾಲಿಟ್ಟು, ಇನ್ನೊಂದನ್ನು ಅದರ ಪಕ್ಕಕ್ಕೆ ತಂದು, ಮತ್ತೆ ಹತ್ತುತ್ತಾಳೆ. ಒಂದು ಸಂಜೆ ಇಬ್ಬರೂ ಪಂದ್ಯ ನೋಡುತ್ತಿದ್ದೆವು. ಗೆದ್ದ ಹುಡುಗ ನೆಲ ಮುಟ್ಟಿ ಮೇಲೆ ಕೈತೋರಿಸಿದ; ಮೈಕ್ ಹಿಡಿದವರಿಗೆ ತನ್ನದೇನೂ ಇಲ್ಲ, ಎಲ್ಲ ಭಗವಂತನದ್ದು ಎಂದ.

ತಂಗಿ ಮಂಡಿ ನೀವಿಕೊಳ್ಳುತ್ತಾ ಕೇಳಿದಳು, "ಇಸ್ ಕಾ ಭಾಷಣ್ ಕಿಸ್ ನೇ ಲಿಖಾ ಹೋಗಾ, ಅಕ್ಕಾ?"

ಇವನ ಭಾಷಣ ಯಾರು ಬರೆದುಕೊಟ್ಟರೋ ಎಂದು ಕೇಳಿದ ಆ ದನಿಯಲ್ಲಿ ಕೊಂಕಿರಲಿಲ್ಲ. ಕ್ಷಮಿಸು ಎನ್ನಬೇಕೆಂದು ಹೊರಟು, ಚಹಾ ಬೇಕಾ ಎಂದು ಕೇಳಿದೆ. ಆ ಮಂಡಿಯ ವಿಷಯದಲ್ಲಿ ನಮ್ಮ ಮನೆಯಿಂದ ಇದುವರೆಗೆ ಸಾರಿ ಕೇಳಿದವಳು ಅವಳೊಬ್ಬಳೇ, ಅದೂ ಟಿಟ್ವಾಳಾದಲ್ಲಿ, ಗಣಪತಿಯ ಹತ್ತಿರ.