ರೇಡಿಯೋ ಜೋರಾಗಿದ್ದ ಮನೆ

ನನ್ನ ಅಕ್ಕ ಇತಿಹಾಸದ ಪ್ರೊಫೆಸರ್. ಆದರೆ ರಾಜರ ಉಸಾಬರಿಗೆ ಹೋದವಳಲ್ಲ. ಹಿಂದೆ ಜನ ರೇಡಿಯೋ ಹಾಕಿಕೊಂಡು ಹೇಗೆ ಬದುಕುತ್ತಿದ್ದರು ಎಂಬುದನ್ನು ಹುಡುಕುವುದರಲ್ಲೇ ತಲೆಗೂದಲು ಬೆಳ್ಳಗಾಯಿತು. ಕಾಲೇಜಿನಲ್ಲಿ ಅವಳಿಗೆ ‘ಗರಗರ ಮೇಡಂ’ ಎಂದೇ ಹೆಸರು.

“ಹಾಡು ಕೇಳೋದೂ ಒಂದು ಸಂಶೋಧನೆನಾ?” ಎಂದು ವಿಭಾಗದ ಮುಖ್ಯಸ್ಥರು ಒಮ್ಮೆ ಕಾಲೆಳೆದರು.

“ನಿಮ್ಮ ರಾಜರು ಒಂದು ಹಾಡೂ ಹೇಳ್ಲಿಲ್ವಲ್ಲ ಸರ್” ಎಂದಳು ಅಕ್ಕ. ಆಮೇಲೆ ಅವರು ಆ ಸುದ್ದಿ ಎತ್ತಲಿಲ್ಲ.

ರೇಡಿಯೋ ಕೇಂದ್ರದವರು ಹಳೆಯ ಟೇಪುಗಳ ಮೇಲೇ ಹೊಸ ಕಾರ್ಯಕ್ರಮ ತುಂಬಿ ಎಲ್ಲ ಅಳಿಸಿಹಾಕಿದ್ದರು. ಹಾಗಾಗಿ ಅಕ್ಕ ಮನೆಮನೆ ಅಲೆದಳು. ರೇಡಿಯೋದಲ್ಲಿ ಏನು ಕೇಳುತ್ತಿದ್ದಿರಿ ಎಂದರೆ ಜನ ದೊಡ್ಡಸ್ತಿಕೆಗೆ ಸುಳ್ಳು ಹೇಳುತ್ತಾರೆ, ಅದಕ್ಕೇ ಅವಳ ಪ್ರಶ್ನೆ ಬೇರೆ: “ರೇಡಿಯೋ ಹಾಡ್ತಿದ್ದಾಗ ನಿಮ್ಮ ಕೈ ಏನು ಮಾಡ್ತಿತ್ತು?” ಬಟ್ಟೆ ಮಡಿಸುತ್ತಿತ್ತು, ಗುಂಡಿ ಹೊಲಿಯುತ್ತಿತ್ತು. ಸಂಜೆಯಾದರೆ ಜೋರು ಮಾಡುತ್ತಿದ್ದೆವು ಎಂದು ಎಷ್ಟೋ ಹೆಂಗಸರು ಹೇಳಿದರು. ಅದು ಸಂಭ್ರಮ ಎಂದುಕೊಂಡಳು ಅಕ್ಕ. ನಮ್ಮ ಮನೆಯ ರೇಡಿಯೋ ಕೂಡ ಸಂಜೆ ಬೀದಿಗೆಲ್ಲ ಕೇಳುತ್ತಿತ್ತು. ಅವಳ ಪಾಲಿಗೆ ಬಾಲ್ಯದ ಸುಖವೆಂದರೆ ಅದೇ ಸದ್ದು. ಅವಳ ದೊಡ್ಡ ಪುಸ್ತಕದ ಮೊದಲ ಅಧ್ಯಾಯವೂ ಅದೇ.

ಪುಸ್ತಕ ಅಚ್ಚಿಗೆ ಹೋಗಬೇಕಿತ್ತು. ಅಮ್ಮ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದಳು.

“ಊರನ್ನೆಲ್ಲ ಕೇಳಿದೆ, ನಿನ್ನನ್ನೇ ಬಿಟ್ಟೆ ನೋಡಮ್ಮ. ಸಂಜೆ ರೇಡಿಯೋ ಜೋರು ಮಾಡಿ ನಿನ್ನ ಕೈ ಏನು ಮಾಡ್ತಿತ್ತು?” ಎಂದು ಅಕ್ಕ ನಗುತ್ತಲೇ ಕೇಳಿದಳು.

“ನೀವು ಬರದ ಹಾಗೆ ಒಳಗಿಂದ ರೂಮಿನ ಬಾಗಿಲು ಒತ್ತಿ ಹಿಡ್ಕೊಂಡಿರ್ತಿತ್ತು” ಎಂದಳು ಅಮ್ಮ. “ನಿಮ್ಮಪ್ಪನ ಬಾಯಿ ಜೋರು, ಕೈ ಇನ್ನೂ ಜೋರು. ನಿಮ್ಮ ಕಿವಿಗೆ, ಬೀದಿಯವರ ಕಿವಿಗೆ ಬೀಳಬಾರದು ಅಂತ ರೇಡಿಯೋ ಹಾಕ್ತಿದ್ದೆ.”

ಅಕ್ಕನ ಮುಖ ಬಾಡಿತು. ಸತ್ತು ಎಷ್ಟೋ ವರ್ಷವಾದ ಅಪ್ಪನ ಮೇಲೆ ನನಗೆ ಮೈ ಉರಿಯಿತು. ಇಷ್ಟು ದಿನ ನುಂಗಿಕೊಂಡಿದ್ದ ಅಮ್ಮನ ಮೇಲೂ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ.

ಅಕ್ಕ ಪ್ರಕಾಶಕರಿಗೆ ಫೋನ್ ಮಾಡಿ ಅಚ್ಚು ನಿಲ್ಲಿಸಿದಳು. ಅವರು ಕೂಗಾಡಿದರು. ಅವಳು ಮತ್ತೆ ಅದೇ ಹೆಂಗಸರ ಮನೆಗಳ ಬಾಗಿಲು ತಟ್ಟಿದಳು. ಈ ಸಲ, ಯಾವ ಸದ್ದು ಹೊರಗೆ ಹೋಗಬಾರದಿತ್ತು ಎಂದು ಕೇಳಿದಳು. ಕೆಲವರು ಕಾಫಿ ಕೊಟ್ಟು ಮಾತು ಮರೆಸಿದರು. ಉಳಿದವರು ಹೇಳಿದರು.

ಹೊಸ ಅಧ್ಯಾಯ ಮುಗಿಯುವಷ್ಟರಲ್ಲಿ ಅಮ್ಮನ ಕಣ್ಣು ಮಂಜಾಗಿತ್ತು. ಓದಿ ಹೇಳಲೆಂದು ಹಾಳೆಗಳನ್ನು ತಂದ ಅಕ್ಕ, ಮೊದಲು ಬೀದಿ ಕಡೆಯ ಕಿಟಕಿ ಮುಚ್ಚಲು ಎದ್ದಳು.

“ತೆರೆದೇ ಇರಲಿ ಬಿಡು” ಎಂದಳು ಅಮ್ಮ. “ಜೋರಾಗಿ ಓದು.”