ಮಾವನ ಬಾಯಿ ತುಂಬ ಕಷಾಯ
ನಮ್ಮ ಸೋದರಮಾವ ದರ್ಜಿ. ಅತ್ತೆ ಏನಾದರೂ ಕೇಳಿದರೆ ಸಾಕು, ತುಟಿಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು "ಊಂ" ಎಂದುಬಿಡುತ್ತಿದ್ದರು. ಮೂವತ್ತು ವರ್ಷ ಸಂಸಾರ ಹೀಗೇ ಸಾಗಿತು.

ಗಂಟಲಿನ ಕ್ಯಾನ್ಸರಿಗೆ ರೇಡಿಯೇಷನ್ ಕೊಟ್ಟಮೇಲೆ ಬಾಯೆಲ್ಲ ಹುಣ್ಣಾಯಿತು. ಡಾಕ್ಟರು ಸೂಜಿ ಕಚ್ಚುವ ಅಭ್ಯಾಸ ಬಿಡಿಸಿ, ಗಿಡಮೂಲಿಕೆಯ ಕಷಾಯ ಕೊಟ್ಟರು: ದಿನಕ್ಕೆ ನಾಲ್ಕು ಸಲ, ಐದು ನಿಮಿಷ ಬಾಯಲ್ಲಿಟ್ಟುಕೊಂಡು ಉಗುಳಬೇಕು. ಮಾವ ಹಿರಿಹಿರಿ ಹಿಗ್ಗಿದರು. ಅತ್ತೆ ಬಾಯಿ ತೆರೆದಾಗಲೆಲ್ಲ ಇವರು ಬಾಯಿ ತುಂಬಿಸಿಕೊಂಡರು. ತಿಂಗಳ ಬಾಟಲಿ ವಾರಕ್ಕೇ ಖಾಲಿ.

ಕೊನೆಗೆ ಹುಣ್ಣು ಮಾಯಿತು. ಡಾಕ್ಟರು ಕಷಾಯ ನಿಲ್ಲಿಸಿದರು.

"ಇನ್ನೊಂದಾರು ತಿಂಗ್ಳಿಗೆ ಬರ್ಕೊಡಿ, ಡಾಕ್ಟ್ರೇ," ಎಂದು ಮಾವ ಗೋಗರೆದರು.

ಪಕ್ಕದಲ್ಲಿದ್ದ ಅತ್ತೆ ಕುರ್ಚಿ ತಿರುಗಿಸಿದರು. "ಬಾಯಿ ವಾಸಿಯಾಯ್ತಲ್ಲ, ಈಗ ಹೇಳಿ. ನಾನು ಕೊಟ್ಟ ಬಟ್ಟೆ ಮೂರು ವರ್ಷದಿಂದ ಯಾಕೆ ಹೊಲ್ದಿಲ್ಲ?"

ಮಾವನ ಕೈ ತಾನಾಗಿಯೇ ಜೇಬು ತಡಕಿತು. ಸೂಜಿಡಬ್ಬಿ ಅತ್ತೆಯ ಮಡಿಲಲ್ಲಿತ್ತು.